ಬಾಣಂತಿ ಕೋಣೆಯಲ್ಲಿ ಭಯ ಎಲ್ಲಿಂದ ಹುಟ್ಟುತ್ತದೆ?

ಪ್ರಶ್ನೆ: ಹೊಸದಾಗಿ ಹೆತ್ತ ಹೆಣ್ಣುಮಗಳೊಬ್ಬಳು ಗಂಡನ ಊರಿನ ಹಳೆಯ ತೊಟ್ಟಿ ಮನೆಯಲ್ಲಿ ಬಾಣಂತನ ಮಾಡಿಸಿಕೊಳ್ಳುವ ಕಥೆಯೊಂದನ್ನು ಬರೆಯುತ್ತಿದ್ದೇನೆ. ಓದಿದವರು ಹೆದರಬೇಕು ಎಂಬುದು ನನ್ನ ಆಸೆ. ಮೊದಲ ಕರಡಿನಲ್ಲಿ ಗಂಡನ ಸತ್ತ ಮೊದಲ ಹೆಂಡತಿ ಬಾಣಂತಿಯ ಮೈಮೇಲೆ ಬರುತ್ತಾಳೆ. ಇಂಥದ್ದನ್ನು ಎಷ್ಟೋ ಸಲ ಓದಿದ್ದೇನೆ ಎಂದಳು ನನ್ನ ಗೆಳತಿ. ಎರಡನೆಯ ಕರಡಿನಲ್ಲಿ ದೆವ್ವವನ್ನು ತೆಗೆದು, ಎಲ್ಲವೂ ಅವಳ ಮನಸ್ಸಿನ ಕಾಯಿಲೆ ಎಂದು ಮುಗಿಸಿದೆ. ಅದೂ ಸಪ್ಪೆಯಾಯಿತು. ನಮ್ಮ ಅತ್ತೆ ಓದಿ, ‘ತಾಯಿಯನ್ನು ಹೀಗೆಲ್ಲ ಬರೆಯಬಾರದಮ್ಮ’ ಎಂದು ಬೇಸರ ಮಾಡಿಕೊಂಡರು. ನಾನೂ ಪುಟ್ಟ ಮಗುವಿನ ತಾಯಿ. ಇರುವುದು ದಾವಣಗೆರೆಯ ಒಂದು ಫ್ಲ್ಯಾಟಿನಲ್ಲಿ. ತಾಯಿಯನ್ನು ರಾಕ್ಷಸಿ ಮಾಡದೆ, ಬಾಗಿಲನ್ನು ಸುಮ್ಮಸುಮ್ಮನೆ ಕಿರುಗುಟ್ಟಿಸದೆ ಇಂಥ ಕಥೆ ಬರೆಯುವುದು ಹೇಗೆ?

ಉತ್ತರ: ನಿಮ್ಮ ಎರಡೂ ಕರಡುಗಳು ಸೊರಗಿರುವುದು ಒಂದೇ ಕಾರಣಕ್ಕೆ ಎಂದು ನನಗೆ ಅನಿಸುತ್ತದೆ. ಮೊದಲನೆಯದರಲ್ಲಿ ಭಯ ಸ್ಮಶಾನದಿಂದ ಬಂತು, ಎರಡನೆಯದರಲ್ಲಿ ಬಾಣಂತಿಯ ತಲೆಯೊಳಗಿಂದ ಬಂತು. ಎರಡರಲ್ಲೂ ಮನೆ ಮತ್ತು ಮನೆಯವರು ಪಕ್ಕಕ್ಕೆ ಸರಿದು ನಿಂತುಬಿಟ್ಟರು. ತಾಯ್ತನದ ಸುತ್ತ ಹೆಣೆದ ಭಯದ ಕಥೆಗಳಲ್ಲಿ ನನ್ನ ನಿದ್ದೆ ಕೆಡಿಸಿದವೆಲ್ಲ ಆರೈಕೆಯಿಂದಲೇ ಭಯವನ್ನು ಹುಟ್ಟಿಸಿದವು. ಪ್ರೀತಿಯಿಂದ ಶುರುವಾದ ಕೆಲಸ ಯಾವ ಗಳಿಗೆಯಲ್ಲಿ ಕಾವಲಾಯಿತು ಎಂಬುದು ಬಾಣಂತಿಗೂ ತಿಳಿಯುವುದಿಲ್ಲ, ಮಾಡಿದವರಿಗೂ ತಿಳಿಯುವುದಿಲ್ಲ. ಮೊದಲು ಆ ಗಳಿಗೆಯನ್ನು ಹುಡುಕಿ. ದೆವ್ವ ಬೇಕೋ ಬೇಡವೋ ಎಂಬುದು ಆಮೇಲಿನ ಮಾತು.

ಈ ಬಗೆಯ ಬರವಣಿಗೆಗೆ ದಾರಿ ಮಾಡಿಕೊಟ್ಟ ಕಥೆಗಳಲ್ಲಿ ಅಮೆರಿಕದ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಬರೆದ ‘ದಿ ಯೆಲ್ಲೋ ವಾಲ್‌ಪೇಪರ್’ ನನಗೆ ಎಲ್ಲಕ್ಕಿಂತ ಮುಖ್ಯ. 1892ರಲ್ಲಿ ಅಚ್ಚಾದ ಸಣ್ಣ ಕಥೆ. ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು. ಹೆರಿಗೆಯಾಗಿ ಸೊರಗಿದ ಹೆಂಡತಿಯನ್ನು ವೈದ್ಯನಾದ ಗಂಡ ವಿಶ್ರಾಂತಿಗೆಂದು ಒಂದು ಹಳೆಯ ಬಂಗಲೆಗೆ ಕರೆತರುತ್ತಾನೆ. ಬೇಸಿಗೆಯ ಮಟ್ಟಿಗೆ ಬಾಡಿಗೆಗೆ ಹಿಡಿದ ಮನೆ ಅದು. ಗುಲಾಬಿ ಬಳ್ಳಿ ಹಬ್ಬಿದ ಕೆಳಗಿನ ಕೋಣೆ ಅವಳಿಗೆ ಇಷ್ಟ. ಆ ಕೋಣೆಗೆ ಒಂದೇ ಕಿಟಕಿ, ಎರಡು ಮಂಚ ಹಿಡಿಸುವುದಿಲ್ಲ ಎಂದು ಗಂಡ ಮಹಡಿಯ ದೊಡ್ಡ ಕೋಣೆಯನ್ನು ಆರಿಸುತ್ತಾನೆ. ಅದು ಹಿಂದೆ ಮಕ್ಕಳ ಕೋಣೆಯಾಗಿತ್ತು ಎಂದು ಅವಳು ಊಹಿಸುತ್ತಾಳೆ. ಕಿಟಕಿಗಳಿಗೆ ಸರಳು, ಗೋಡೆಗೆ ಬಿಗಿದ ಬಳೆಗಳು, ನೆಲಕ್ಕೆ ಮೊಳೆ ಹೊಡೆದು ಬಿಗಿದ ಮಂಚ, ಮೆಟ್ಟಿಲ ತುದಿಯಲ್ಲೊಂದು ಅಡ್ಡಗೇಟು.

ಈ ಪಟ್ಟಿಯನ್ನು ನಿಧಾನವಾಗಿ ಮತ್ತೊಮ್ಮೆ ಓದಿ. ಪ್ರತಿಯೊಂದಕ್ಕೂ ಒಳ್ಳೆಯ ವಿವರಣೆ ಇದೆ: ಮಕ್ಕಳು ಬಿದ್ದಾರೆಂದು ಸರಳು, ಉರುಳಿಯಾರೆಂದು ಗೇಟು. ಮಗುವನ್ನು ಕಾಪಾಡುವ ವ್ಯವಸ್ಥೆಯೊಳಗೆ ಬೆಳೆದ ಹೆಂಗಸನ್ನು ಇಟ್ಟ ಕೂಡಲೇ ಅದೇ ಕೋಣೆ ಸೆರೆಮನೆಯಾಗುತ್ತದೆ. ಲೇಖಕಿ ಒಂದೇ ಒಂದು ವಸ್ತುವನ್ನೂ ವಿಕಾರ ಮಾಡಲಿಲ್ಲ. ಗಂಡನೂ ಕ್ರೂರಿಯಲ್ಲ. ಅವಳನ್ನು ಎತ್ತಿಕೊಂಡು ಮಹಡಿಗೆ ಒಯ್ಯುತ್ತಾನೆ, ಮಲಗಿಸುತ್ತಾನೆ, ಪಕ್ಕದಲ್ಲಿ ಕುಳಿತು ಪುಸ್ತಕ ಓದಿ ಹೇಳುತ್ತಾನೆ. ಬರೆಯುವುದನ್ನು ಮಾತ್ರ ಬಿಡಿಸಿದ್ದಾನೆ. ಅವಳು ಕದ್ದು ಬರೆಯುತ್ತಾಳೆ, ಉಳಿದ ಹೊತ್ತು ಗೋಡೆಯ ಹಳದಿ ಕಾಗದವನ್ನು ನೋಡುತ್ತಾಳೆ, ಕೊನೆಗೆ ಆ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ತೆವಳುವುದನ್ನು ಕಾಣುತ್ತಾಳೆ.

ಮಗು ಎಲ್ಲಿ ಎಂದು ನೀವು ಕೇಳಬಹುದು. ಇಡೀ ಕಥೆಯಲ್ಲಿ ಮಗುವಿನ ಪ್ರಸ್ತಾಪ ಬರುವುದು ಬೆರಳೆಣಿಕೆಯ ಸಾಲುಗಳಲ್ಲಿ. ಅವುಗಳಲ್ಲೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ. ಮಗು ಸುಖವಾಗಿದೆ, ಈ ಗೋಡೆಕಾಗದದ ಕೋಣೆಯಲ್ಲಿ ಅದು ಇರಬೇಕಾಗಿಲ್ಲ, ಅದೊಂದೇ ಸಮಾಧಾನ ಎಂದು ಅವಳು ಬರೆದುಕೊಳ್ಳುತ್ತಾಳೆ. ಕುಸಿಯುತ್ತಿರುವ ಹೆಂಗಸು ಆ ಕೋಣೆಯಲ್ಲಿ ಮಗುವಿನ ಬದಲು ತಾನಿದ್ದೇನೆ ಎಂದು ನೆಮ್ಮದಿಪಡುತ್ತಿದ್ದಾಳೆ. ಅವಳ ತಾಯ್ತನವನ್ನು ತೋರಿಸಲು ಇನ್ನೊಂದು ಸಾಲಿನ ಅಗತ್ಯವಿಲ್ಲ. ಪುಟಪುಟದಲ್ಲೂ ಮಗು ಅಳುವಂತೆ ಮಾಡುವ ಕಥೆಗಾರರು ಇದನ್ನು ಗಮನಿಸಬೇಕು.

ಗಿಲ್ಮನ್ ಇದನ್ನು ಕಲ್ಪನೆಯಿಂದ ಮಾತ್ರ ಬರೆಯಲಿಲ್ಲ. 1885ರಲ್ಲಿ ಮಗಳು ಹುಟ್ಟಿದ ಮೇಲೆ ಆಕೆ ತೀವ್ರ ಖಿನ್ನತೆಗೆ ಬಿದ್ದರು. 1887ರಲ್ಲಿ ಫಿಲಡೆಲ್ಫಿಯಾದ ಹೆಸರಾಂತ ವೈದ್ಯ ಸೈಲಸ್ ವೀರ್ ಮಿಚೆಲ್ ಅವರ ಬಳಿ ಹೋದಾಗ ಸಿಕ್ಕ ಸಲಹೆ ಹೀಗಿತ್ತು: ಆದಷ್ಟೂ ಮನೆಯ ಬದುಕಿನಲ್ಲೇ ಇರು, ಮಗುವನ್ನು ಸದಾ ಜೊತೆಗಿಟ್ಟುಕೋ, ಊಟವಾದ ಮೇಲೆ ಒಂದು ಗಂಟೆ ಮಲಗು, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬುದ್ಧಿಯ ಕೆಲಸ ಬೇಡ, ಬದುಕಿರುವವರೆಗೆ ಲೇಖನಿ ಮುಟ್ಟಬೇಡ. ಆಕೆ ಅದನ್ನು ಪಾಲಿಸಿ, ಬುದ್ಧಿ ಕೈತಪ್ಪುವ ಅಂಚಿಗೆ ಬಂದು, ಆಮೇಲೆ ಕೈಬಿಟ್ಟು ಬರೆಯಲು ಕುಳಿತರು. ಕಥೆ ಅಚ್ಚಾದ ಮೇಲೆ ಆ ವೈದ್ಯರಿಗೂ ಒಂದು ಪ್ರತಿಯನ್ನು ಕಳುಹಿಸಿದ್ದಾಗಿ ಆಕೆಯೇ 1913ರಲ್ಲಿ ಬರೆದಿದ್ದಾರೆ. ಉತ್ತರ ಬರಲಿಲ್ಲ.

ಇಂಥದ್ದು ಪರದೇಶದ ಸರಕು ಎಂದುಕೊಳ್ಳಬೇಡಿ. ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತೆಯನ್ನು ನಾವು ಶಾಲೆಯಲ್ಲಿ ತ್ಯಾಗದ ಹಾಡೆಂದು ಓದಿದ್ದೇವೆ. ಒಮ್ಮೆ ಅದನ್ನು ಭಯದ ಕಥೆಯಾಗಿ ಓದಿ ನೋಡಿ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರಿಲ್ಲ. ಹಿರಿಯ ಸೊಸೆಯನ್ನು ಬಲಿ ಕೊಟ್ಟರೆ ಮನೆಯ ಹಿರಿತನಕ್ಕೆ ಯಾರಿಲ್ಲ ಎಂದು ಲೆಕ್ಕ ಹಾಕಿ ಕಿರಿಯ ಸೊಸೆ ಭಾಗೀರತಿಯನ್ನು ಆರಿಸುತ್ತಾರೆ. ಯಾರೂ ದನಿ ಏರಿಸುವುದಿಲ್ಲ. ಅವಳು ತವರಿಗೆ ಹೋಗುತ್ತಾಳೆ. ಮುಖ ಬಾಡಿದೆಯಲ್ಲ ಎಂದು ಹೆತ್ತವರು ಕೇಳಿದರೆ, ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಗೆಳತಿಯ ಮುಂದೆ ಮಾತ್ರ ನಿಜ ಹೊರಬರುತ್ತದೆ. ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎನ್ನುತ್ತಾಳೆ ಆ ಗೆಳತಿ. ಆಮೇಲೆ ಮನೆಯಲ್ಲಿ ಹಬ್ಬದ ಅಡುಗೆ, ಕೆರೆಯಲ್ಲಿ ಗಂಗೆಯ ಪೂಜೆ, ಮರೆತು ಬಂದ ಬಂಗಾರದ ಬಟ್ಟಲು, ಅದನ್ನು ತರಲು ಹೋದ ಕಿರಿಯ ಸೊಸೆ. ಅವಳು ಮೆಟ್ಟಿಲು ಹತ್ತಿದಂತೆಲ್ಲ ನೀರೂ ಹತ್ತುತ್ತದೆ. ದೆವ್ವದ ಸುಳಿವೇ ಇಲ್ಲ; ಬೆನ್ನಹುರಿ ತಣ್ಣಗಾಗುವುದು ಮನೆಯವರ ಸೌಜನ್ಯಕ್ಕೆ, ಗೆಳತಿಯ ಆ ಒಂದು ಮಾತಿಗೆ.

ಈಗ ನಿಮ್ಮ ಬಾಣಂತಿಯ ಕೋಣೆಗೆ ಬರೋಣ. ನಮ್ಮ ಬಾಣಂತನದಲ್ಲಿ ಆರೈಕೆ ಮತ್ತು ಭಯ ಒಂದೇ ಮಂಚದ ಮೇಲೆ ಮಲಗಿರುತ್ತವೆ. ಬಿಸಿ ಎಣ್ಣೆ, ಹಂಡೆಯ ಸುಡುನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಗಾಳಿ ಬಾರದಂತೆ ಮುಚ್ಚಿದ ಕಿಟಕಿ. ದಿಂಬಿನ ಕೆಳಗೊಂದು ಕಬ್ಬಿಣದ ತುಂಡು, ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು. ಖಾಲಿ ತೊಟ್ಟಿಲು ತೂಗಬಾರದು, ಬಾಣಂತಿಯನ್ನು ಒಂಟಿಯಾಗಿ ಬಿಡಬಾರದು, ಹೊತ್ತು ಮುಳುಗಿದ ಮೇಲೆ ಮಗುವನ್ನು ಹೊರಗೆ ತರಬಾರದು. ಪ್ರತಿಯೊಂದು ‘ಬಾರದು’ ಹಿಂದೆಯೂ, ಎಂದೋ ಸತ್ತ ಒಂದು ಮಗುವಿನ ಅಥವಾ ತಾಯಿಯ ನೆನಪು ಇರಬಹುದು. ಹೆರಿಗೆ ಎಂದರೆ ಸಾವಿನ ಹೊಸ್ತಿಲು ಎಂದು ಕಂಡುಕೊಂಡಿದ್ದ ಕಾಲದ ಹೆಂಗಸರು ಕಟ್ಟಿದ ಬೇಲಿ ಇದು. ಅದನ್ನು ಮೂಢನಂಬಿಕೆ ಎಂದು ಹೀಯಾಳಿಸಿದರೆ ನಿಮ್ಮ ಕಥೆಯ ಅರ್ಧ ಬಲ ಅಲ್ಲೇ ಹೋಗುತ್ತದೆ. ಬೇಲಿಯನ್ನು ಗೌರವದಿಂದ ಬರೆಯಿರಿ, ಅದರೊಳಗೆ ಉಸಿರು ಕಟ್ಟುವುದನ್ನೂ ಬರೆಯಿರಿ.

ನಿಮ್ಮ ಕಥೆಗೆ ಹೊಂದುವ ಒಂದು ಸನ್ನಿವೇಶವನ್ನು ಕೊಡುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ಒಂದು ಬೆಳಗ್ಗೆ ಬಾಣಂತಿ ಅತ್ತೆಗೆ ಹೇಳುತ್ತಾಳೆ: ‘ರಾತ್ರಿ ನೀವೇ ಎದ್ದು ಮಗುವಿನ ಬಟ್ಟೆ ಬದಲಾಯಿಸಿದಿರಲ್ಲ, ನನಗೆ ಎಚ್ಚರವೇ ಆಗಲಿಲ್ಲ.’ ಅತ್ತೆ ನಗುತ್ತಾರೆ: ‘ನಾನೆಲ್ಲಿ ಎದ್ದೆನಮ್ಮ? ನೀನೇ ಎದ್ದಿರಬೇಕು, ನಿದ್ದೆಗಣ್ಣಲ್ಲಿ ಮರೆತಿದ್ದೀಯ.’ ಅಲ್ಲಿಗೆ ಮಾತು ಮುಗಿಯುತ್ತದೆ. ಮಗುವಿನ ಬಟ್ಟೆ ಒಣಗಿದೆ, ಹೊಟ್ಟೆ ತುಂಬಿದೆ. ಆದರೆ ಈ ಮನೆಯಲ್ಲಿ ದೃಷ್ಟಿಬೊಟ್ಟು ಇಡುವುದು ಬಲಗೆನ್ನೆಗೆ, ಇವತ್ತು ಎಡಗೆನ್ನೆಯಲ್ಲಿದೆ.

ಇಷ್ಟು ಸಾಕು. ಇಲ್ಲಿ ನಡೆದದ್ದೆಲ್ಲ ಒಳ್ಳೆಯದೇ. ಯಾರೋ ಮಗುವನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಭಯ ಇರುವುದು ಯಾರು ಎಂಬುದರಲ್ಲಿ. ಮುಂದೆ ಏನಾಗುತ್ತದೆ ನೋಡಿ. ಅವಳು ಇದನ್ನು ಗಟ್ಟಿಯಾಗಿ ಹೇಳಿದರೆ, ಪಾಪ ನಿದ್ದೆಗೆಟ್ಟು ಹೀಗಾಗಿದೆ, ನಾಲ್ಕು ದಿನ ಮಗು ನಮ್ಮ ಕೋಣೆಯಲ್ಲಿ ಮಲಗಲಿ ಎನ್ನುತ್ತಾರೆ. ಹೇಳದಿದ್ದರೆ ರಾತ್ರಿ ಬರುವ ಆ ಇನ್ನೊಬ್ಬಳ ಜೊತೆ ಒಂಟಿಯಾಗಬೇಕು. ಒಂದು ಕಡೆ ಕಾಣದ ಕೈ, ಇನ್ನೊಂದು ಕಡೆ ಕಾಣುವ ಕೈ. ಎರಡೂ ಮಗುವನ್ನು ಪ್ರೀತಿಯಿಂದಲೇ ಅವಳಿಂದ ತೆಗೆದುಕೊಳ್ಳುತ್ತಿವೆ. ಈ ಇಕ್ಕಟ್ಟಿನಲ್ಲಿ ಅವಳನ್ನು ಎಷ್ಟು ಹೊತ್ತು ನಿಲ್ಲಿಸಬಲ್ಲಿರೋ ಅಷ್ಟು ಹೊತ್ತು ನಿಮ್ಮ ಕಥೆ ಜೀವಂತವಾಗಿರುತ್ತದೆ. ಮಂತ್ರವಾದಿಯನ್ನು ಕರೆಸಿದ ಕ್ಷಣ ಅದು ಸಾಯುತ್ತದೆ.

ಮೊದಲ ಹೆಂಡತಿಯನ್ನು ಪೂರ್ತಿ ಬಿಡಬೇಕಾಗಿಲ್ಲ. ಮೈಮೇಲೆ ಬರುವುದನ್ನು ಮಾತ್ರ ಕೈಬಿಡಿ. ‘ಈ ತೊಟ್ಟಿಲಲ್ಲಿ ಮಲಗಿದ ಮಕ್ಕಳೆಲ್ಲ ಬೇಗ ನಿದ್ದೆ ಹೋಗುತ್ತಾರೆ’ ಎಂದು ಅತ್ತೆ ಒಮ್ಮೆ ಹೇಳಲಿ. ಮಕ್ಕಳು ಎಂದರೆ ಯಾರು ಎಂದು ಬಾಣಂತಿ ಕೇಳದೆ ಇರಲಿ.

ಇನ್ನು ನಿಮ್ಮ ಎರಡನೆಯ ಕರಡು. ‘ಎಲ್ಲವೂ ಕಾಯಿಲೆ’ ಎಂದು ಮುಗಿಸುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ, ಕಥೆಯ ದೃಷ್ಟಿಯಿಂದಲೂ ನಿಜ ಬದುಕಿನ ದೃಷ್ಟಿಯಿಂದಲೂ. ಹೆರಿಗೆಯ ನಂತರದ ತೀವ್ರ ಮನೋವಿಕಾರ ಸಾವಿರ ಹೆರಿಗೆಗಳಲ್ಲಿ ಒಬ್ಬರು ಇಬ್ಬರಿಗೆ ಬರುವಂಥದ್ದು. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ, ತುರ್ತು ಚಿಕಿತ್ಸೆ ಬೇಕು, ಚಿಕಿತ್ಸೆಯಿಂದ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವೇ ಇದೆ. ಖಿನ್ನತೆಯಂತೂ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ತಾಯಂದಿರನ್ನು ಕಾಡುತ್ತದೆ. ಕಾಯಿಲೆಯನ್ನು ಕಥೆಯ ಕೊನೆಯಲ್ಲಿ ಬೆಚ್ಚಿಬೀಳಿಸುವ ತಿರುವಾಗಿ ಬಳಸಿದರೆ, ಆ ಕಾಯಿಲೆಯಲ್ಲಿರುವ ಓದುಗಿಯೊಬ್ಬಳು ತನ್ನನ್ನೇ ದೆವ್ವವಾಗಿ ಕಾಣುತ್ತಾಳೆ. ಬಾಯಿಬಿಟ್ಟು ಸಹಾಯ ಕೇಳಲು ಇನ್ನಷ್ಟು ಹೆದರುತ್ತಾಳೆ.

ಕನ್ನಡದಲ್ಲಿ ಇದನ್ನು ಸರಿಯಾಗಿ ಹಿಡಿದವರು ತ್ರಿವೇಣಿ. ಅವರ ‘ಶರಪಂಜರ’ ಕಾದಂಬರಿಯನ್ನು 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದರಿಂದ ಕಲ್ಪನಾ ಅವರ ಮುಖವೇ ಎಲ್ಲರ ಕಣ್ಣಮುಂದೆ ಬರುತ್ತದೆ. ಹೆರಿಗೆಯ ನಂತರ ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ನಿಜವಾದ ಭೀಕರತೆ ಶುರುವಾಗುವುದು ಅವಳು ಗುಣವಾಗಿ ಮನೆಗೆ ಬಂದ ಮೇಲೆ. ಅವಳು ನಕ್ಕರೆ ಅನುಮಾನ, ಸಿಟ್ಟಾದರೆ ಅನುಮಾನ. ಸ್ವಂತ ಮನೆಯೇ ಅವಳನ್ನು ಕಂಡು ಹೆದರುತ್ತಿದೆ. ಭಯದ ದಿಕ್ಕನ್ನು ಹೀಗೆ ತಿರುಗಿಸಿದ್ದು ದೊಡ್ಡ ಪ್ರತಿಭೆ. ಅದನ್ನು ನಾವು ಕಣ್ಣೀರಿನ ಕಥೆಯ ಕಪಾಟಿನಲ್ಲಿ ಮಾತ್ರ ಇಟ್ಟಿರುವುದು ನನಗೆ ಒಪ್ಪಿಗೆಯಿಲ್ಲ.

‘ತಾಯಿಯನ್ನು ಹೀಗೆಲ್ಲ ಬರೆಯಬಾರದು’ ಎಂಬ ನಿಮ್ಮ ಅತ್ತೆಯವರ ಮಾತಿಗೆ ಹಗುರಾಗಿ ಉತ್ತರಿಸಲಾರೆ. ಆ ಮಾತಿನಲ್ಲಿ ನೋವಿದೆ. ಆದರೆ ಮಗು ಕೈಜಾರಿ ಬಿದ್ದರೆ, ನಾನೇ ಏನಾದರೂ ಮಾಡಿಬಿಟ್ಟರೆ ಎಂಬ ಬೇಡದ ಯೋಚನೆಗಳು ಹೊಸ ತಾಯಂದಿರಲ್ಲಿ ಬಹಳ ಸಾಮಾನ್ಯ. ಬೆಚ್ಚಿಬೀಳಿಸುವಂಥ ಯೋಚನೆ ಬಂದ ಮಾತ್ರಕ್ಕೆ ಅದು ಆಸೆಯಲ್ಲ, ಉದ್ದೇಶವೂ ಅಲ್ಲ. ಮಗುವನ್ನು ಕಾಯುವ ಮನಸ್ಸೇ ಅಪಾಯವನ್ನು ಎಲ್ಲ ಮೂಲೆಗಳಲ್ಲೂ ಹುಡುಕುತ್ತಿರುತ್ತದೆ. ಇದನ್ನು ಯಾರೂ ಹೇಳದೆ ಇರುವುದರಿಂದ ಪ್ರತಿಯೊಬ್ಬಳೂ ತಾನೊಬ್ಬಳೇ ಪಾಪಿ ಎಂದುಕೊಳ್ಳುತ್ತಾಳೆ. ಕಥೆ ಅದನ್ನು ಹೇಳಬಲ್ಲದು. (ಯೋಚನೆಗಳು ಬಿಡದೆ ಕಾಡಿದರೆ, ನಿದ್ದೆ ಊಟ ಬಿಟ್ಟುಹೋದರೆ ವೈದ್ಯರನ್ನು ಕಾಣಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.)

ತಾಯಿ ಘೋರವಾದದ್ದನ್ನು ಮಾಡಿಯೂ ರಾಕ್ಷಸಿಯಾಗದೆ ಉಳಿಯುವುದಕ್ಕೆ ದೊಡ್ಡ ಉದಾಹರಣೆ ಟೋನಿ ಮಾರಿಸನ್ ಅವರ ‘ಬಿಲವೆಡ್’. 1856ರ ಚಳಿಗಾಲದಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು ಹೆಪ್ಪುಗಟ್ಟಿದ ಓಹಾಯೊ ನದಿಯನ್ನು ದಾಟಿ ಸಿನ್ಸಿನಾಟಿಗೆ ತಪ್ಪಿಸಿಕೊಂಡು ಬಂದಳು. ಹಿಡಿಯಲು ಬಂದವರು ಮನೆಯನ್ನು ಸುತ್ತುವರಿದಾಗ, ಮತ್ತೆ ಗುಲಾಮಗಿರಿಗೆ ಕಳುಹಿಸಲಾರದೆ ಪುಟ್ಟ ಮಗಳನ್ನು ತನ್ನ ಕೈಯಾರೆ ಕೊಂದಳು. ಈ ಘಟನೆಯಿಂದ ಹುಟ್ಟಿದ ಕಾದಂಬರಿ 1987ರಲ್ಲಿ ಬಂತು. ಅದರಲ್ಲಿ ಸತ್ತ ಮಗುವಿನ ಸಿಟ್ಟು ತುಂಬಿದ ಮನೆಗೆ 124 ಎಂಬ ಸಂಖ್ಯೆಯೇ ಹೆಸರು. ಆ ತಾಯಿಯನ್ನು ಓದುಗ ಕ್ಷಮಿಸಲೂ ಆಗುವುದಿಲ್ಲ, ದೂರಲೂ ಆಗುವುದಿಲ್ಲ. ಅವಳನ್ನು ಅಲ್ಲಿಗೆ ತಳ್ಳಿದ ಲೋಕ ಎಂಥದ್ದು ಎಂದು ಲೇಖಕಿ ಒಂದು ಕ್ಷಣವೂ ಮರೆಯಲು ಬಿಡುವುದಿಲ್ಲ.

ಕೊನೆಯದಾಗಿ ಮನೆ. ತೊಟ್ಟಿ ಮನೆಯನ್ನು ನೀವು ಚೆನ್ನಾಗಿ ಬಲ್ಲವರಾದರೆ ಸಂತೋಷ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕತ್ತಲ ಕೋಣೆಗಳು. ಎಲ್ಲರಿಗೂ ಎಲ್ಲರೂ ಕಾಣುವ, ಒಬ್ಬಳು ಮಾತ್ರ ಕಾಣದ ಮನೆ ಅದು. ಸಿನಿಮಾದಲ್ಲಿ ನೋಡಿದ್ದೆಂದು ಆರಿಸಿಕೊಂಡಿದ್ದರೆ ಬಿಟ್ಟುಬಿಡಿ. ನಿಮ್ಮ ಫ್ಲ್ಯಾಟಿನಲ್ಲಿ ಏನು ಕಡಿಮೆಯಿದೆ? ತೊಟ್ಟಿಲ ಮೇಲೆ ಕ್ಯಾಮೆರಾ, ಕಚೇರಿಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡುವ ಗಂಡ, ಬೇರೆ ಊರಿನಿಂದ ನೋಡುವ ಅತ್ತೆ. ‘ಈಗ ಮಗುವನ್ನು ಎತ್ತಿಕೊಂಡೆಯಲ್ಲ, ತಲೆಗೆ ಕೈ ಕೊಡಲಿಲ್ಲ ನೀನು’ ಎಂದು ಪ್ರೀತಿಯ ಒಂದು ಸಂದೇಶ ಬರುತ್ತದೆ. ಅವಳು ಆ ಹೊತ್ತಿನಲ್ಲಿ ಸ್ನಾನದ ಮನೆಯಲ್ಲಿದ್ದಳು. ಅಮೆರಿಕದಲ್ಲಿ ಹೆತ್ತ ನಮ್ಮ ಹೆಣ್ಣುಮಕ್ಕಳದು ಇನ್ನೊಂದೇ ಕಥೆ: ಬಾಣಂತನಕ್ಕೆ ಹೋದ ಅಮ್ಮ ಸಾಮಾನ್ಯವಾಗಿ ಆರು ತಿಂಗಳೊಳಗೆ ಹಿಂದಿರುಗಬೇಕು. ಆರೈಕೆಗೆ ತಾರೀಕು ನಿಗದಿಯಾಗಿರುವ ಮನೆಯಲ್ಲಿ ಆ ತಾರೀಕೇ ಭಯ ಹುಟ್ಟಿಸುತ್ತದೆ. ಇದನ್ನು ಯಾರಾದರೂ ಬರೆಯಲಿ ಎಂದು ಕಾಯುತ್ತಿದ್ದೇನೆ.

ಮನೆಯ ವಿಚಿತ್ರವನ್ನು ಬರೆಯುವಾಗ ಅಳತೆ ಚಿಕ್ಕದಿರಲಿ. ಷರ್ಲಿ ಜಾಕ್ಸನ್ 1959ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಕಾದಂಬರಿಯಲ್ಲಿ ಕಟ್ಟಿದ ಮನೆಯ ಮೂಲೆಗಳೆಲ್ಲ ಲಂಬಕೋನದಿಂದ ಕೂದಲೆಳೆಯಷ್ಟು ಆಚೀಚೆ, ತೆರೆದಿಟ್ಟ ಬಾಗಿಲು ತಾನೇ ಮುಚ್ಚಿಕೊಳ್ಳುವುದಕ್ಕೆ ಅಷ್ಟೇ ಕಾರಣ ಸಾಕು. ಅಲ್ಲಿನ ಎಲಿನರ್ ಹಾಸಿಗೆ ಹಿಡಿದ ತಾಯಿಯ ಸೇವೆಯನ್ನು 11 ವರ್ಷ ಮಾಡಿದವಳು. ಔಷಧಿಗಾಗಿ ತಾಯಿ ಗೋಡೆ ಬಡಿದ ಒಂದು ರಾತ್ರಿ ಅವಳು ಏಳಲಿಲ್ಲ. ಹಿಲ್ ಹೌಸಿನಲ್ಲಿ ರಾತ್ರಿ ಬಡಿತ ಕೇಳಿದಾಗ ಎಚ್ಚರವಾದ ಅವಳು ಅಮ್ಮನೇ ಕರೆಯುತ್ತಿದ್ದಾಳೆಂದು ಓಗೊಡುತ್ತಾಳೆ. ನಮ್ಮಲ್ಲಿ 1990ರ ದಶಕದಲ್ಲಿ ರಾತ್ರಿ ಬಾಗಿಲಿಗೆ ಬರುವ ದೆವ್ವವನ್ನು ಹಿಂದಕ್ಕೆ ಕಳುಹಿಸಲು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿಟ್ಟ ಕಾಲ ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. ಆ ದೆವ್ವವೂ ಮನೆಯವರ ದನಿಯಲ್ಲೇ ಕರೆಯುತ್ತದೆ ಎಂದು ಜನ ಹೇಳುತ್ತಿದ್ದರು.

ಮೂರನೆಯ ಕರಡಿಗೆ ಕೂರುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಅತ್ತೆಯವರ ಬಾಣಂತನದ ಬಗ್ಗೆ ಅವರನ್ನೇ ಕೇಳಿ. ಯಾವ ಕೋಣೆಯಲ್ಲಿ ಮಲಗಿಸಿದ್ದರು, ಬಾಗಿಲಿನ ಚಿಲಕ ಒಳಗಿತ್ತೋ ಹೊರಗಿತ್ತೋ, ರಾತ್ರಿ ಮಗು ಅತ್ತರೆ ಮೊದಲು ಯಾರು ಬರುತ್ತಿದ್ದರು, ಹಸಿವಾದರೆ ಕೇಳಿ ಪಡೆಯಬಹುದಿತ್ತೋ, ಯಾವುದಕ್ಕೆ ಅತ್ತರು, ಯಾರ ಮುಂದೆ ಅಳಲಿಲ್ಲ ಎಂದು ಕೇಳಿ. ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡು ಅವರದೇ ಮಾತುಗಳಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಅವರ ಒಪ್ಪಿಗೆ ಪಡೆದು ಅಲ್ಲಿಂದಲೇ ಕಥೆಯನ್ನು ಶುರುಮಾಡಿ.